ನಿಮ್ಮ ದೇಶದ ಬಗ್ಗೆ ಬರೆಯಿರಿ

ಲಂಡನ್ನಿಗೆ ಬಂದು ಆರು ತಿಂಗಳಾದರೂ ಇಲ್ಲಿ ಯಾರೂ ನನ್ನನ್ನು ಹಿರಿಯಳೆಂದು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಆಫ್ರಿಕಾದ ಹೆಣ್ಣುಮಗಳೊಬ್ಬಳು ಎರಡೂ ಮಂಡಿಯೂರಿ, ಎರಡೂ ಕೈಯಲ್ಲಿ ಚಹಾದ ಕಪ್ಪು ಹಿಡಿದು ನನ್ನ ಮುಂದೆ ಕೂತಳು. ನಾನು ಬೆಚ್ಚಿದೆ. ಸೊಸೆಯಂತೂ ನೆರೆಯವರು ಏನು ತಿಳಿದಾರೋ ಎಂದು ಕಿಟಕಿಯ ಪರದೆ ಎಳೆದಳು. ತಮ್ಮ ದೇಶ ಮಲಾವಿಯಲ್ಲಿ ಹಿರಿಯರಿಗೆ ಹೀಗೆಯೇ ಕೊಡುವುದು, ನಿಂತು ಕೊಟ್ಟರೆ ಅಮ್ಮ ಬೈಯುತ್ತಾಳೆ ಎಂದು ಆಕೆ ನಕ್ಕಳು.

ಚಿಸೋಮೊ ಆಕೆಯ ಹೆಸರು. ಊರಲ್ಲಿ ವಕೀಲೆ. ಆಫ್ರಿಕಾದವರು ಇಲ್ಲಿಗೆ ಬಂದು ಮಾನವ ಹಕ್ಕುಗಳಲ್ಲಿ ಸ್ನಾತಕೋತ್ತರ ಪದವಿ ಓದಲೆಂದು ಒಂದು ದತ್ತಿ ಸಂಸ್ಥೆ ಸ್ಕಾಲರ್‌ಶಿಪ್ ಕೊಡುತ್ತಿತ್ತು. ಅದರ ಮೇಲೆ ಒಂದು ವರ್ಷಕ್ಕೆ ಬಂದವಳು. ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಮಗ ಮಹಡಿಯ ಬಾಕ್ಸ್ ರೂಮನ್ನು ಆಕೆಗೆ ಬಾಡಿಗೆಗೆ ಕೊಟ್ಟಿದ್ದ. ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಧಾರವಾಡದ ನಮ್ಮ ಹಾಸ್ಟೆಲಿನಲ್ಲಿ ಅಂಥದ್ದರಲ್ಲಿ ಹಾಸಿಗೆ ಸುತ್ತಿಡುತ್ತಿದ್ದೆವು.

ಆ ಹಾಸ್ಟೆಲಿಗೆ ನಾನು ವಾರ್ಡನ್ ಆಗಿದ್ದೆ. ಹೇಳಿದ ಹೊತ್ತಿಗೆ ಏಳುವ ಹುಡುಗಿ ಸಿಕ್ಕರೆ ನನಗೆ ಬೇರೇನೂ ಬೇಡ. ಚಿಸೋಮೊ ನನಗಿಂತ ಮೊದಲೇ ಏಳುತ್ತಿದ್ದಳು. ಮೊಮ್ಮಕ್ಕಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಓಡುವ ಮನೆಯಲ್ಲಿ, ನನ್ನ ತಡವರಿಸುವ ಇಂಗ್ಲಿಷನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಮೆಕ್ಕೆಜೋಳದ ಹಿಟ್ಟು ತೊಳಸಿ ನ್ಸೀಮ ಮಾಡುತ್ತಿದ್ದಳು. ನಮ್ಮ ಮುದ್ದೆಯ ತಂಗಿ. ನಾನು ಒಬ್ಬಳೇ ಬಸ್ಸು ಹಿಡಿದು ವೆಂಬ್ಲಿಯಿಂದ ಜೋಳದ ಹಿಟ್ಟು ತಂದ ದಿನ ನನಗಿಂತ ಹೆಚ್ಚು ಹಿಗ್ಗಿದವಳೂ ಅವಳೇ.

ಪ್ರತಿ ಮಂಗಳವಾರ ಆಕೆ ವಿಮಾನ ನಿಲ್ದಾಣದ ಹತ್ತಿರದ ಬಂಧನ ಕೇಂದ್ರಕ್ಕೆ ಹೋಗುತ್ತಿದ್ದಳು. ಆಶ್ರಯ ಕೇಳಿಕೊಂಡು ಬಂದವರನ್ನು ಅಲ್ಲಿ ಕೂಡಿಹಾಕಿದ್ದರು, ಅವರನ್ನು ಕಂಡು ಮಾತಾಡಿಸಿ ಬರುತ್ತಿದ್ದಳು. ನಮ್ಮಲ್ಲಿ ಕಳ್ಳನಿಗೂ ಕೋರ್ಟು ಇಷ್ಟು ತಿಂಗಳು ಎಂದು ಹೇಳುತ್ತದೆ. ಇವರಿಗೆ ಎಷ್ಟು ದಿನ ಎಂದು ಹೇಳುವವರೇ ಇಲ್ಲ. ಅದರ ಮೇಲೆಯೇ ಪದವಿಯ ಪ್ರಬಂಧ ಬರೆಯಬೇಕೆಂದು ಆಕೆ ನಿಶ್ಚಯಿಸಿದ್ದಳು.

ದಾನಿಗಳಿಗಾಗಿ ಸಂಸ್ಥೆಯವರು ಒಂದು ಚಹಾಕೂಟ ಇಟ್ಟರು. ಮನೆಯ ಹಿರಿಯಳೆಂದು ಚಿಸೋಮೊ ನನ್ನನ್ನೂ ಕರೆದೊಯ್ದಳು. ಅಲ್ಲಿಯೂ ಮಂಡಿಯೂರಿಯೇ ನನಗೆ ಕಪ್ಪು ಕೊಟ್ಟಳು. ಹ್ಯಾಟು ತೊಟ್ಟ ಹೆಂಗಸರು ಎಷ್ಟು ವಿನಯ, ಎಷ್ಟು ಚಂದ ಎಂದು ಕರಗಿಹೋದರು. ಮಂಡಿಯೂರುವವಳು ಹೇಳಿದ ಮಾತು ಕೇಳುವವಳು ಎಂದುಕೊಂಡರೋ ಏನೋ. ಸಂಸ್ಥೆಯ ಕಾರ್ಯದರ್ಶಿ ಪ್ರಬಂಧದ ವಿಷಯ ಕೇಳಿದಾಗ ಆಕೆ ಎದ್ದು ನಿಂತು ನೇರವಾಗಿ ಹೇಳಿದಳು. ಆತನ ಮುಖದ ನಗು ಹಾಗೆಯೇ ಇತ್ತು.

"ನಿಮ್ಮ ದೇಶದ ಬಗ್ಗೆ ಬರೆಯಿರಿ, ಡಿಯರ್. ಅಲ್ಲಿ ಕೆಲಸ ಬೇಕಾದಷ್ಟಿದೆ."

"ಇವರನ್ನು ಕೂಡಿಹಾಕಿದ್ದು ನಮ್ಮ ದೇಶ ಅಲ್ಲವಲ್ಲ, ಸರ್," ಎಂದಳು ಚಿಸೋಮೊ.

ಮುಂದಿನ ವಾರವೇ ಕಾಲೇಜಿನ ಮೂಲಕ ಸೂಚನೆ ಬಂತು: ವಿಷಯ ಬದಲಾಗದಿದ್ದರೆ ಸ್ಕಾಲರ್‌ಶಿಪ್ ಮುಂದುವರಿಯುವುದು ಕಷ್ಟ. ನನ್ನ ಮೈ ಉರಿಯಿತು. ಹಕ್ಕಿನ ಪಾಠ ಹೇಳಿಕೊಡಲು ಕರೆಸಿ, ಹಕ್ಕು ಎಂಬುದು ನಿಮ್ಮೂರಿನ ಕಾಯಿಲೆಗೆ ಮಾತ್ರ ಔಷಧ, ನಮ್ಮ ನಾಡಿ ಮುಟ್ಟಬೇಡಿ ಎನ್ನುವುದು ಯಾವ ಸೀಮೆಯ ವಿದ್ಯಾದಾನ? ಸಂಸ್ಥೆಗೆ ಹೋಗಿ ಕೇಳಿಯೇ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಮಗ ಬಾಗಿಲಿಗೆ ಅಡ್ಡ ನಿಂತ.

"ಅವ್ವಾ, ಸುಮ್ನ ಕೂಡು. ಅವರ ಊರು, ಅವರ ರೊಕ್ಕ. ನಿನ್ನ ವೀಸಾದ ಕೆಲಸ ಇನ್ನೂ ಬಾಕಿ ಅದ."

"ಅವರ ಊರಂದ್ರ, ನೀ ಇಷ್ಟು ವರ್ಷ ಯಾರ ಊರಾಗ ರಾತ್ರಿಪಾಳಿ ಮಾಡಿದಿ?"

ಅವನು ಬಾಗಿಲು ಬಿಟ್ಟು ಕದಲಲಿಲ್ಲ. ನನ್ನನ್ನು ಒಳಗೆ ಕರೆದೊಯ್ದು ಕೂರಿಸಿದವಳು ಚಿಸೋಮೊ. "ಅಮ್ಮಾ, ನಾನು ಬರಿಗೈಲಿ ಹಿಂದಿರುಗಿದರೆ ಇವರಿಗೇನೂ ನಷ್ಟವಿಲ್ಲ. ನನ್ನ ಊರಿಗೆ ಹಕ್ಕುಗಳ ಕಾನೂನು ಕಲಿತ ಒಬ್ಬ ವಕೀಲೆ ನಷ್ಟ," ಎಂದಳು. ಮಲಾವಿಯ ಜೈಲುಗಳ ಬಗ್ಗೆ ಬರೆದಳು. ಅತ್ಯುನ್ನತ ದರ್ಜೆ ಬಂತು. ಪದವಿ ಪ್ರದಾನದ ದಿನ ಅದೇ ಕಾರ್ಯದರ್ಶಿ ಆಕೆಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡ. ಅವಳು ಮಾಡಿದ್ದು ಸರಿ ಎಂದು ನನಗೆ ಗೊತ್ತು. ಅದನ್ನೇ ಸರಿಯೆನ್ನುವಂತೆ ಆ ಸಂಸ್ಥೆಯವರು ಮಾಡಿದರಲ್ಲ, ಆ ಸಿಟ್ಟು ಇಷ್ಟು ವರ್ಷಗಳಾದರೂ ಇಳಿದಿಲ್ಲ.

ಹೊರಡುವಾಗ ಆಕೆ, ನನ್ನ ಮಂಗಳವಾರಗಳನ್ನು ನಿಮಗೆ ಬಿಟ್ಟು ಹೋಗುತ್ತೇನೆ ಎಂದಳು. ಅಂದಿನಿಂದ ಆ ಬಂಧನ ಕೇಂದ್ರಕ್ಕೆ ನಾನು ಹೋಗುತ್ತಿದ್ದೇನೆ, ಜ್ವರ ಬಂದ ವಾರ ಬಿಟ್ಟರೆ. ಮಗ ಈಗ ಅಡ್ಡ ನಿಲ್ಲುವುದಿಲ್ಲ. ತಾನೇ ಕಾರಿನಲ್ಲಿ ಬಿಟ್ಟು, ಒಳಗೆ ಬಾರದೆ ಹೊರಗೆ ಕಾಯುತ್ತಾನೆ.

ನಾನೀಗ ಈ ದೇಶದ ಪ್ರಜೆ. ಕಾವಲಿನವನು ಎಲ್ಲಿಂದ ಎಂದು ಕೇಳಿದರೆ ಇಲ್ಲಿನ ಪಾಸ್‌ಪೋರ್ಟ್ ಮುಂದೆ ತಳ್ಳಿ ಕಿಂಗ್ಸ್‌ಬರಿ ಎನ್ನುತ್ತೇನೆ, ಬಾಗಿಲು ತೆರೆಯುತ್ತದೆ. ಒಳಗೆ ಕೂತವರೂ ಅದನ್ನೇ ಕೇಳುತ್ತಾರೆ. ಅವರಿಗೆ ಧಾರವಾಡ ಎನ್ನುತ್ತೇನೆ. ಎರಡೂ ನಿಜ. ಆದರೆ ಅವರ ಮುಖ ನೋಡಿಕೊಂಡು ಕಿಂಗ್ಸ್‌ಬರಿ ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.