ಒಂದು ಮೊಳ ಕೊಸರು

ನಮ್ಮ ಅಪ್ಪ ನೂರು ನಿಂಬೆಹಣ್ಣು ಎಣಿಸಿ ಕೊಟ್ಟರೆ ಮನೆಗೆ ಹೋಗಿ ಎಣಿಸಿದಾಗ ನೂರಾ ಐದು ಇರುತ್ತವೆ. ಹೊರ್ತಿ ಹತ್ತಿರದ ನಮ್ಮ ತೋಟದಿಂದ ಯಾರೂ ಬರೀ ನೂರು ಒಯ್ದಿಲ್ಲ. ಎಣಿಕೆ ಮುಗಿದ ಮೇಲೆ ಐದು ಹಣ್ಣು ಕೊಸರು ಅಂತ ಚೀಲಕ್ಕೆ ಹಾಕಿದರೇನೇ ಅವನಿಗೆ ಸಮಾಧಾನ. ಜೋಳ ಅಳೆದರೂ ಅಷ್ಟೇ, ಸೇರಿನ ಮೇಲೆ ಒಂದು ಹಿಡಿ. ಬಿಗಿಯಾಗಿ ಅಳೆಯುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ನಾನು ಅವನ ಹಾಗಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಮತ್ತು ಸೆಕೆಂಡಿನ ಹತ್ತನೇ ಭಾಗವನ್ನೂ ಬಿಡದ ಲೆಕ್ಕ. ಓಡುವವರಿಗೆ ಬೇರೆ ದಾರಿಯಿಲ್ಲ.

ಡಿಗ್ರಿಯ ಕೊನೆಯ ವರ್ಷ ನಾನು ಇಂಡಿ ಪಟ್ಟಣದ ಕಾಲೇಜಿನ ಪರವಾಗಿ ಸಾವಿರದ ಐನೂರು ಮೀಟರ್ ಓಡುತ್ತಿದ್ದೆ. ವಿಶ್ವವಿದ್ಯಾಲಯದ ತಂಡಕ್ಕೆ ಸೇರಲು ಗೆದ್ದರಷ್ಟೇ ಸಾಲದು, ಐದು ನಿಮಿಷದೊಳಗೆ ಗೆರೆ ದಾಟಬೇಕಿತ್ತು. ದಾಟಿದರೆ ಹೊರ ರಾಜ್ಯದಲ್ಲಿ ದೊಡ್ಡ ಕ್ರೀಡಾಕೂಟ, ಮೊಬೈಲಿನಲ್ಲಷ್ಟೇ ನೋಡಿದ್ದ ಕೆಂಪು ಸಿಂಥೆಟಿಕ್ ಟ್ರ್ಯಾಕ್. ಎರೆಮಣ್ಣಿನಲ್ಲಿ ಓಡಿ ಓಡಿ ಸವೆದ ಈ ಕಾಲನ್ನು ಅದರ ಮೇಲೆ ಒಂದು ಸಲ ಇಡಬೇಕು ಅನ್ನುವುದೇ ಆಸೆ. ಪದಕದ ಆಸೆ ಇರಲಿಲ್ಲ ಅಂದರೆ ಸುಳ್ಳಾದೀತು, ಆದರೆ ಅದು ಆಮೇಲಿನದು.

ಆ ಸೀಸನ್ನಿನಲ್ಲಿ ನಾಲ್ಕು ಕೂಟಗಳಿದ್ದವು. ಸಿಂದಗಿಯಲ್ಲಿ ಐದು ನಿಮಿಷ ಒಂಬತ್ತು ಸೆಕೆಂಡ್. ಮುದ್ದೇಬಿಹಾಳದಲ್ಲಿ ಐದು ನಿಮಿಷ ಆರು. ಬಸವನ ಬಾಗೇವಾಡಿಯಲ್ಲಿ ಐದು ನಿಮಿಷ ಮೂರು. ಎಲ್ಲ ಕಡೆಗೂ ಅಪ್ಪ ನಿಂಬೆಹಣ್ಣಿನ ಚೀಲ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ. ಶರಬತ್ತು ಮಾಡಿ ನನಗೆ ಒಂದು ಲೋಟ ಕೊಟ್ಟರೆ, ನನ್ನ ಜೊತೆ ಓಡುವ ಹುಡುಗಿಯರಿಗೆಲ್ಲ ಎರಡೆರಡು. ಅವರನ್ನು ಸೋಲಿಸಲು ನಾನು ಒದ್ದಾಡುತ್ತಿದ್ದರೆ ಇವನು ಅವರಿಗೆ ಶಕ್ತಿ ತುಂಬುತ್ತಾನಲ್ಲ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಯುತ್ತಿದ್ದೆ. ಅವನು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದ.

ಕೊನೆಯ ಕೂಟ ನಮ್ಮದೇ ಕಾಲೇಜಿನ ಮೈದಾನದಲ್ಲಿತ್ತು. ಮಳೆಗೆ ಹಳೆಯ ಗೆರೆಗಳೆಲ್ಲ ಅಳಿಸಿಹೋಗಿದ್ದರಿಂದ ಹಿಂದಿನ ದಿನ ಟ್ರ್ಯಾಕನ್ನು ಹೊಸದಾಗಿ ಹಾಕಬೇಕಾಯಿತು. ನಮ್ಮ ಕಡೆ ಅದನ್ನು ಹಾಕುವುದು ಹೀಗೆ: ಮೈದಾನದ ಎರಡೂ ತುದಿಗೆ ಒಂದೊಂದು ಗೂಟ ಹೊಡೆದು, ಗೂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಅರ್ಧ ಸುತ್ತು ನಡೆಯಬೇಕು. ಹಿಂದೆಯೇ ಸುಣ್ಣದ ಪುಡಿ ಸುರಿಯುತ್ತಾ ಬರಬೇಕು. ಕಾಲೇಜಿನ ಹಗ್ಗ ಲಡ್ಡಾಗಿ ಅಲ್ಲಲ್ಲಿ ಹರಿದಿತ್ತು. ಅಪ್ಪ ತಾನೇ ಪುಂಡಿ ನಾರಿನಲ್ಲಿ ಹೊಸೆದ ಹಗ್ಗ ತಂದ. ನಮ್ಮ ಕ್ರೀಡಾ ಸರ್ ಟೇಪು ಹಿಡಿದು ಅಳೆದು, ಕೈ ಎಲ್ಲಿ ಹಿಡಿಯಬೇಕೋ ಅಲ್ಲಿ ಕೆಂಪು ದಾರ ಕಟ್ಟಿದರು. ಹಗ್ಗ ಹಿಡಿದು ನಡೆದವನು ಅಪ್ಪ. ಮಗಳು ಓಡುವ ದಾರಿಯನ್ನು ತಾನೇ ಬರೆದೆ ಎಂದು ಅವತ್ತು ಊರಿಗೆಲ್ಲ ಹೇಳಿದ.

ಮರುದಿನ ನಾನು ಜೀವ ಪಣಕ್ಕಿಟ್ಟು ಓಡಿದೆ. ಕೊನೆಯ ತಿರುವಿನಲ್ಲಿ ಹಿಂದೆ ಯಾರೂ ಇರಲಿಲ್ಲ. ಇಷ್ಟು ಚೆನ್ನಾಗಿ ಎಂದೂ ಓಡಿಲ್ಲ ಎಂದು ಕಾಲುಗಳೇ ಹೇಳುತ್ತಿದ್ದವು. ಸಮಯ ನೋಡುವವರು ಮೂರು ಗಡಿಯಾರ ನೋಡಿ, ನಡುವಿನ ಲೆಕ್ಕ ಹಿಡಿದು ಹೇಳಿದರು: ಐದು ನಿಮಿಷ ಒಂದು ಸೆಕೆಂಡ್, ಮೇಲೆ ಹತ್ತರಲ್ಲಿ ನಾಲ್ಕು. ಅವತ್ತು ಎಲ್ಲರ ಸಮಯವೂ ಹಿಂದೆ ಬಿದ್ದಿತ್ತು. ನಾವೆಲ್ಲ ಗಾಳಿಗೆ ಬೈದೆವು.

ನಾನು ಮಣ್ಣಿನಲ್ಲಿ ಕೂತು ಅತ್ತೆ. ಅಪ್ಪ ಗಡಿಯಾರ ಹಿಡಿದವರ ಹತ್ತಿರ ಹೋದ. ಅವನು ಯಾರೊಂದಿಗಾದರೂ ಜಗಳಾಡಿದ್ದನ್ನು ನಾನು ನೋಡಿದ್ದು ಅವತ್ತೇ.

"ಒಂದೂವರಿ ಸೆಕೆಂಡ್ರಿ. ಅಷ್ಟ ಕೊಸರು ಬಿಡಾಕ ಆಗೂದಿಲ್ಲೇನ್ರಿ ನಿಮ್ಮ ಕೈಲೆ?"

ಆಗುವುದಿಲ್ಲ ಎಂದು ಅವರು ನಕ್ಕರು. ಕೊಸರು ಕೊಡದ ಮಂದಿ ಎಂದು ಅಪ್ಪ ಅವರನ್ನು ಇಂದಿಗೂ ಕ್ಷಮಿಸಿಲ್ಲ. ಸಂಜೆ ವಾಟ್ಸಾಪಿನಲ್ಲಿ ತಂಡದ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ.

ಈಗ ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕ್ರೀಡಾ ಶಿಕ್ಷಕಿ. ಈ ವರ್ಷ ನಮ್ಮಲ್ಲಿ ಕೂಟ ಇತ್ತು. ಒಳ್ಳೆಯ ಹಗ್ಗ ಬೇಕೆಂದು ಅಪ್ಪನಿಗೆ ಫೋನ್ ಮಾಡಿದೆ. ಅದೇ ಪುಂಡಿ ಹಗ್ಗ ಹೊತ್ತು ಬಂದ, ಕೆಂಪು ದಾರ ಇನ್ನೂ ಹಾಗೇ ಇತ್ತು. ನಾನು ಟೇಪು ಹಿಡಿದು ನೋಡಿದೆ. ದಾರ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಒಂದು ಮೊಳ ಆಚೆಗಿತ್ತು. ಸರ್ ತಪ್ಪು ಅಳೆದಿದ್ದರೇನೋ ಎಂದು ಗೊಣಗಿದೆ.

"ಅವರು ಸರಿ ಕಟ್ಟಿದ್ರು, ಸರಿಸಿದಾಂವ ನಾನು," ಎಂದ ಅಪ್ಪ, ದೊಡ್ಡ ಸಂಭ್ರಮದಿಂದ. "ಬಾಳ ಬಿಗಿ ಇತ್ತು. ಮಗಳು ಓಡೂ ಜಾಗ, ತಿರುವಿನ್ಯಾಗ ಕಾಲಿಗೆ ಇಕ್ಕಟ್ಟ ಆಗಬಾರ್ದಂತ ಒಂದು ಮೊಳ ಕೊಸರು ಬಿಟ್ಟಿದ್ದೆ."

ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಹಗ್ಗ ಒಂದು ಮೊಳ ಉದ್ದವಾದರೆ ಒಂದೊಂದು ತಿರುವೂ ಅದರ ಮೂರು ಪಟ್ಟು, ಅಂದರೆ ಒಂದೂವರೆ ಮೀಟರಿನಷ್ಟು ಹೆಚ್ಚು. ನನ್ನ ಓಟದಲ್ಲಿ ಏಳು ತಿರುವು. ಹತ್ತು ಮೀಟರ್. ನಾನು ಓಡಿದ ವೇಗಕ್ಕೆ ಎರಡು ಸೆಕೆಂಡ್. ನಾನು ಅವತ್ತು ಐದು ನಿಮಿಷದೊಳಗೇ ಓಡಿದ್ದೆ.

ಸಿಟ್ಟು ನೆತ್ತಿಗೇರಿತು, ಸುಳ್ಳು ಯಾಕೆ ಹೇಳಲಿ. ಅಪ್ಪನ ಮುಖ ನೋಡಿದೆ. ಎಣಿಕೆ ಮುಗಿದ ಮೇಲೆ ಐದು ಹಣ್ಣು ಚೀಲಕ್ಕೆ ಹಾಕುವಾಗ ಇರುವ ಮುಖವೇ ಅದು. ನನಗೆ ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ದಾರ ಬಿಚ್ಚಿ ಸರಿಯಾದ ಜಾಗಕ್ಕೆ ಕಟ್ಟಿದೆ. ಯಾಕೆ ಎಂದು ಕೇಳಿದ. ಎಲ್ಲ ಊರಿನ ಮೈದಾನಕ್ಕೂ ಒಂದೇ ಅಳತೆ ಇರಬೇಕು ಎಂದೆ.

ಹಗ್ಗ ಹಿಡಿದು ಅರ್ಧ ತಿರುವು ನಡೆದವನು ನಿಂತುಬಿಟ್ಟ. ನಾನು ಗೂಟ ಹಿಡಿದು ಕೂತಿದ್ದೆ.

"ಹಂಗಾದ್ರ ಅವತ್ತ ನೀ ಹೆಚ್ಚಿಗಿ ಓಡಿದೇನು?"

"ಹೂಂ."

"ಎಷ್ಟ?"

ಸಿಂದಗಿಯಿಂದ ಬಾಗೇವಾಡಿಯವರೆಗೆ ಒಂದೊಂದು ಸೆಕೆಂಡನ್ನೂ ಬಾಯಿಪಾಠ ಇಟ್ಟುಕೊಂಡವಳು ನಾನು.

"ಒಂದು ಮೊಳ ಅಷ್ಟ ಅಪ್ಪಾ. ಅದರಿಂದ ಏನೂ ಆಗೂದಿಲ್ಲ."

ಅವನು ಕೈಯಲ್ಲಿದ್ದ ಕೆಂಪು ದಾರವನ್ನು ನೋಡಿದ. ಆಮೇಲೆ ಹಗ್ಗವನ್ನು ಎಷ್ಟು ಬಿಗಿಯಾಗಿ ಎಳೆದು ಹಿಡಿದನೆಂದರೆ, ಇತ್ತ ನಾನು ಹಿಡಿದಿದ್ದ ಗೂಟ ಅಲುಗಾಡಿತು.