ಬಿಳಿ ಚೀಟಿಯ ರೆಕಾರ್ಡು

ನಮ್ಮ ಚಿಕ್ಕಪ್ಪನಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಹಳೇ ಸಾಮಾನಿನ ಬೀದಿಯಲ್ಲಿ ಎಲ್ಲರೂ ಅವನನ್ನು ಮಹಾ ರಸಿಕನೆಂದೇ ನಂಬಿದ್ದರು. ಹೆಗಲಿಗೆ ಒಂದು ಪುಟ್ಟ ರೆಕಾರ್ಡ್ ಪ್ಲೇಯರ್ ನೇತುಹಾಕಿಕೊಂಡು, ಅಂಗಡಿಯಿಂದ ಅಂಗಡಿಗೆ ಹೋಗಿ, ಧೂಳು ಹಿಡಿದ ರಾಶಿಯ ಮುಂದೆ ಮಂಡಿಯೂರಿ ಕೂತು ಒಂದೊಂದೇ ರೆಕಾರ್ಡು ಹಾಕಿ ಕೇಳುವ ಮನುಷ್ಯನನ್ನು ಬೇರೆ ಏನೆಂದು ತಿಳಿಯಬೇಕು? ಬೀದಿಯವರು ಅವನಿಗೆ ‘ಪೆಟ್ಟಿಗೆ ಯಜಮಾನ್ರು’ ಎಂದು ಹೆಸರಿಟ್ಟಿದ್ದರು. ಯಾರಾದರೂ ಹಾಡಿನ ಬಗ್ಗೆ ಮಾತು ತೆಗೆದರೆ ಅವನು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಮನೆಗೆ ಬಂದು ನನ್ನ ಹತ್ತಿರ, “ಅವರು ಏನಂದ್ರೋ, ಒಂದೂ ತಲೆಗೆ ಹೋಗ್ಲಿಲ್ಲ ಕಣೇ” ಎನ್ನುತ್ತಿದ್ದ.

ಅವನ ಕಸುಬು ಗಾಡಿಗಳ ಸೀಟು ಹೊಲಿಯುವುದು. ಗ್ಯಾರೇಜಿನ ಮಗ್ಗುಲಲ್ಲಿ ತಗಡಿನ ಷೆಡ್ಡು. ಒಳಗೆ ಒಂದು ದಪ್ಪ ಹೊಲಿಗೆ ಯಂತ್ರ, ಗೋಡೆಗೊರಗಿದ ರೆಕ್ಸಿನ್ ಸುರುಳಿಗಳು, ಕಾಲಿಟ್ಟಲ್ಲೆಲ್ಲ ಸ್ಪಂಜಿನ ಚೂರು. ಆ ಪ್ಲೇಯರ್ ಮುಚ್ಚಿದರೆ ಸೂಟ್‌ಕೇಸಿನಂತೆ ಕಾಣುವ, ಸೆಲ್ಲು ಹಾಕಿ ಓಡಿಸುವ ಹಳೇ ಮಾಲು. ಬಸ್ಸಿನ ಸೀಟಿಗೆ ಹೊಲಿದು ಮಿಕ್ಕ ಕಂದು ರೆಕ್ಸಿನ್ನಿನಲ್ಲಿ ಅದಕ್ಕೆ ಅವನೇ ಚೀಲ ಮಾಡಿದ್ದ. ಒಂದು ಜೇಬು ಸೆಲ್ಲಿಗೆ, ಇನ್ನೊಂದು ಧೂಳೊರೆಸುವ ಬಟ್ಟೆಗೆ. ಚೀಲದ ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದರೊಳಗೆ ನನ್ನನ್ನೇ ಕೂರಿಸಿಕೊಂಡು ಹೊತ್ತೊಯ್ಯಬಹುದಿತ್ತು.

ಈ ಹುಚ್ಚು ಹಿಡಿದದ್ದು ಚಿಕ್ಕಮ್ಮ ತೀರಿಹೋದ ಮೇಲೆ. ಚಿಕ್ಕಮ್ಮ ಒಂದು ಟೈಪಿಂಗ್ ಶಾಲೆಯಲ್ಲಿ ಶಾರ್ಟ್‌ಹ್ಯಾಂಡ್ ಹೇಳಿಕೊಡುತ್ತಿದ್ದಳು. ಹೇಳಿಕೊಡುವುದೆಂದರೆ ಮುಖ್ಯವಾಗಿ ಓದುವುದು. ಅವಳು ಆಫೀಸಿನ ಒಣ ಪತ್ರಗಳನ್ನು ಓದಬೇಕು, ಮಕ್ಕಳು ಬರೆದುಕೊಳ್ಳಬೇಕು. ಮಕ್ಕಳು ಮನೆಯಲ್ಲೂ ಅಭ್ಯಾಸ ಮಾಡಲೆಂದು ಶಾಲೆಯ ಮೇಷ್ಟ್ರು ಆ ಪತ್ರಗಳನ್ನು ಓದಿಸಿ ರೆಕಾರ್ಡು ಮಾಡಿಸಿದರು. ಅರ್ಧ ಅವರೇ ಓದಿದರು, ಅರ್ಧ ಚಿಕ್ಕಮ್ಮ. ಮೇಷ್ಟ್ರು ಮಹಾ ಜಿಪುಣ. ರೆಕಾರ್ಡಿನ ನಡುವೆ ಹೆಸರು ಅಚ್ಚು ಹಾಕಿಸಲು ಕೈ ಬರಲಿಲ್ಲ, ಬರೀ ಬಿಳಿ ಚೀಟಿ ಅಂಟಿಸಿ ಬಿಟ್ಟರು. ಒಂದನ್ನು ಮನೆಗೆ ತರುತ್ತೇನೆ ಎಂದು ಚಿಕ್ಕಪ್ಪ ಹೊರಟಾಗ ಚಿಕ್ಕಮ್ಮನೇ ತಡೆದಳು. “ನನ್ನ ದನಿ ನನಗೇ ಕೇಳಕ್ಕಾಗಲ್ಲ. ದಿನಾ ಎದುರಿಗೇ ಇರ್ತೀನಲ್ಲ, ಸಾಲದಾ ನಿಮಗೆ?” ಎಂದಳಂತೆ.

ಪ್ರತಿ ಪತ್ರದ ಕೊನೆಗೆ ಅವಳು ಹೇಳುತ್ತಿದ್ದ ಮಾತೊಂದಿತ್ತು: “ನಿಲ್ಲಿಸಿ. ಪೆನ್ಸಿಲ್ ಕೆಳಗಿಡಿ.” ಅದು ಅವಳ ಜೊತೆ ಮನೆಗೂ ಬಂದಿತ್ತು. ಚಿಕ್ಕಪ್ಪ ಊಟಕ್ಕೆ ಕೂತು ಗ್ಯಾರೇಜಿನ ಪುರಾಣ ಬಿಚ್ಚಿದರೆ, ಇವಳು ಅದೇ ದನಿಯಲ್ಲಿ ಪೆನ್ಸಿಲ್ ಕೆಳಗಿಡಿ ಎನ್ನುವಳು. ಅವನು ಬಾಯಿಗೆ ಬೀಗ ಹಾಕಿಕೊಂಡು ತಟ್ಟೆ ನೋಡುವನು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಅವಳು ಹೋಗಿ ಕೆಲವು ವರ್ಷಗಳಾದ ಮೇಲೆ ಒಂದು ದಿನ ಅವನು ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ ಹೇಳಿದ: “ಅವಳ ದನಿ ಮರೀತಾ ಇದೆ ಕಣೇ. ಮುಖ ಫೋಟೋದಲ್ಲಿದೆ, ಕನ್ನಡಕ ಬೀರುವಿನಲ್ಲಿದೆ. ದನಿ ಎಲ್ಲಿಂದ ತರಲಿ?” ಶಾಲೆ ಮುಚ್ಚಿ ಆಗಲೇ ಬಹಳ ಕಾಲವಾಗಿತ್ತು. ಅಲ್ಲಿನ ಬೆಂಚು, ಯಂತ್ರ, ರೆಕಾರ್ಡು ಎಲ್ಲ ಹಳೇ ಸಾಮಾನಿನವರ ಪಾಲಾಗಿದ್ದವು. ಮುಂದಿನ ವಾರವೇ ಆ ಪೆಟ್ಟಿಗೆ ಅವನ ಹೆಗಲೇರಿತು.

ಬಿಳಿ ಚೀಟಿಯ ರೆಕಾರ್ಡನ್ನು ನೋಡಿ ತಿಳಿಯುವ ಹಾಗಿಲ್ಲ, ಹಾಕಿಯೇ ಕೇಳಬೇಕು. ಅಂಥವು ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದವು. ಚಿಕ್ಕಪ್ಪ ಅದನ್ನು ಒರೆಸಿ, ತಿರುಗಲು ಬಿಟ್ಟು, ಮುಳ್ಳನ್ನು ಮೊದಲಲ್ಲಿ ಒಮ್ಮೆ, ನಡುವೆ ಒಮ್ಮೆ ಇಟ್ಟು ಕೇಳುವನು. ಹೆಚ್ಚಿನ ಸಲ ಯಾರದೋ ಭಾಷಣ, ಯಾವುದೋ ಕಂಪನಿಯ ಜಾಹೀರಾತು. ಕೆಲವು ಸಲ ಮೂಗಿನಲ್ಲಿ ಎಳೆದೆಳೆದು ಪತ್ರ ಓದುವ ದಪ್ಪ ದನಿ. “ಬಂದ್ರಪ್ಪ ಮೇಷ್ಟ್ರು. ಸತ್ತ ಮೇಲೂ ನನ್ನ ಬೆನ್ನು ಬಿಡಲ್ಲ ಈ ಮಹಾರಾಯ” ಎಂದು ಅವನು ರೆಕಾರ್ಡನ್ನು ವಾಪಸು ರಾಶಿಗೆ ಸೇರಿಸುತ್ತಿದ್ದ. ನಾನು ನಗುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಆ ಭಾನುವಾರ ನಾವು ಹೋದದ್ದು ಮೆಟ್ಟಿಲ ಕೆಳಗಿನ ಅಂಗಡಿಗೆ. ಅಂಗಡಿಯಮ್ಮ ಅವನನ್ನು ನೋಡಿದ್ದೇ, “ಬನ್ನಿ ಯಜಮಾನ್ರೇ, ಹೊಸ ರಾಶಿ ಬಂದಿದೆ” ಎಂದು ಸ್ಟೂಲು ಎಳೆದಳು. ಚಿಕ್ಕಪ್ಪ ಮೇಲಿನಿಂದ ಒಂದೊಂದೇ ನೋಡುತ್ತ ಹೋದ. ಅಷ್ಟರಲ್ಲಿ ಹೊಸದಾಗಿ ಮದುವೆಯಾದಂತಿದ್ದ ಜೋಡಿಯೊಂದು ಬಂದು, “ಅಂಕಲ್, ನಮ್ಮದೂ ಸ್ವಲ್ಪ ಹಾಕಿ ತೋರಿಸ್ತೀರಾ?” ಎಂದಿತು. ಇಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವರು ಒಂದಾದ ಮೇಲೆ ಒಂದು ಹಾಡಿನ ರೆಕಾರ್ಡು ಕೊಟ್ಟರು, ಇವನು ಹಾಕುತ್ತಲೇ ಹೋದ. ಬೇರೆ ಗಿರಾಕಿಗಳೂ ಸುತ್ತ ನಿಂತರು. ಪೆಟ್ಟಿಗೆ ಯಜಮಾನರ ಕಚೇರಿ ಬಹಳ ಹೊತ್ತು ನಡೆಯಿತು. ನನಗೆ ಒಳಗೊಳಗೇ ಸಿಟ್ಟು. ಊರವರಿಗೆಲ್ಲ ಹಾಡು ಹಾಕಿಕೊಡಲು ನಾವು ಬಂದಿದ್ದೇವೆಯೇ ಎಂದು ಹೊರಗೆ ಚಾ ಕುಡಿಯಲು ಹೋದೆ.

ವಾಪಸು ಬಂದಾಗ ಚಿಕ್ಕಪ್ಪ ಪೆಟ್ಟಿಗೆ ಮುಚ್ಚುತ್ತಿದ್ದ. “ತಳದಲ್ಲಿ ಒಂದು ಬಿಳಿ ಚೀಟಿ ಇತ್ತು. ಮೇಷ್ಟ್ರೇ” ಎಂದ. ಮರ್ಯಾದೆಗೆಂದು ಅಂಗಡಿಯಮ್ಮನಿಂದ ಯಾವುದೋ ಹಾಡಿನ ರೆಕಾರ್ಡೊಂದನ್ನು ಕೊಂಡು ಹೊರಟೆವು.

ಮನೆಗೆ ಬಂದು ಆ ಹಾಡನ್ನು ಹಾಕಿದವಳು ನಾನು. ಹಾಡುತ್ತಿದ್ದವಳು ಹೆಂಗಸೆಂದು ಕವರಿನ ಚಿತ್ರದಲ್ಲೇ ಇತ್ತು. ಕೇಳಿದ್ದು ಮಾತ್ರ ನೆಗಡಿಯಾದ ಗಂಡಸಿನ ದನಿ. ರೆಕಾರ್ಡು ಸೋಮಾರಿಯಂತೆ ತಿರುಗುತ್ತಿತ್ತು. “ಸೆಲ್ಲು ಇಳಿದಿದೆ ಚಿಕ್ಕಪ್ಪಾ” ಎಂದು ಹೊಸದನ್ನು ಹಾಕಿದೆ. ಹಾಡು ಸಲೀಸಾಗಿ ಮೇಲೆದ್ದಿತು, ಹೆಣ್ಣುದನಿಯಾಯಿತು. ನಾನು ತಿರುಗಿ ನೋಡಿದರೆ ಚಿಕ್ಕಪ್ಪನ ಮುಖದಲ್ಲಿ ರಕ್ತವಿಲ್ಲ.

“ಅದು ಮೇಷ್ಟ್ರಲ್ಲ” ಎಂದ. “ಮೂಗಿರಲಿಲ್ಲ ಅದರಲ್ಲಿ. ದಪ್ಪ ದನಿ ಅಂತ ಅಷ್ಟಕ್ಕೇ ತೆಗೆದಿಟ್ಟುಬಿಟ್ಟೆ. ಅವಳು ಕಣೇ ಅದು. ಅವಳನ್ನೇ ಕೆಳಗಿಟ್ಟು ಬಂದೆ ನಾನು.”

ಆ ಹೊತ್ತಿಗೆ ಅಂಗಡಿ ಮುಚ್ಚಿತ್ತು. ಮರುದಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಅಂಗಡಿಯಮ್ಮ ಕೆನ್ನೆಗೆ ಕೈ ಹಚ್ಚಿದಳು. “ಅಯ್ಯೋ, ನೀವು ಬೇಡ ಅಂದ್ರಲ್ಲ. ನೀವು ಬೇಡ ಅಂದಿದ್ದನ್ನ ಬಟ್ಟಲು ಮಾಡೋಳಿಗೆ ಕೊಟ್ಟುಬಿಡ್ತೀನಿ ನಾನು. ಸಂಜೆ ಬಂದು ತಗೊಂಡು ಹೋದಳು.” ಪೆಟ್ಟಿಗೆ ಯಜಮಾನರು ಕೇಳಿ ಬಿಟ್ಟದ್ದೆಂದರೆ ಅದರಲ್ಲಿ ಸತ್ವವಿಲ್ಲ ಎಂದು ಅಂಗಡಿಯ ಲೆಕ್ಕ. ಅವನ ರಸಿಕತೆಗೆ ಸಿಕ್ಕ ಗೌರವ ಅದು.

ಬಟ್ಟಲು ಮಾಡುವವಳ ಮನೆ ಎರಡು ಬೀದಿ ಆಚೆ. ಅಡುಗೆಮನೆಯ ಓವನ್ನಿನಲ್ಲಿ ರೆಕಾರ್ಡು ಕಾಯಿಸಿ, ಮೆತ್ತಗಾದೊಡನೆ ಬೋರಲು ಹಾಕಿದ ಡಬ್ಬದ ಮೇಲೆ ಹೊದಿಸಿ ಬಟ್ಟಲು ಮಾಡುತ್ತಾಳೆ. ಜನ ಬೀಗದಕೈ, ಚಿಲ್ಲರೆ ಹಾಕಿಡಲು ಕೊಳ್ಳುತ್ತಾರೆ. ಕಿಟಕಿಯಲ್ಲಿ ಕೆಂಪು, ಹಳದಿ, ನೀಲಿ ಚೀಟಿಯ ಬಟ್ಟಲುಗಳು ಸಾಲಾಗಿ ಆರುತ್ತಿದ್ದವು. ಕೊನೆಯದು ಬಿಳಿ ಚೀಟಿಯದು. ಚಿಕ್ಕಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅದು ಇನ್ನೂ ಬೆಚ್ಚಗಿತ್ತು. ಅವನು ಅಳಲಿಲ್ಲ. ನಾನು ಅತ್ತೆ. ಆ ಹೆಂಗಸು ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

ಬಟ್ಟಲಿನ ಬದಿಗಳು ಮೇಲೆದ್ದಿದ್ದರೂ ತಳ ಚಪ್ಪಟೆಯಾಗಿಯೇ ಉಳಿದಿತ್ತು. ಚೀಟಿಯ ಸುತ್ತ ಬೆರಳಗಲದಷ್ಟು ಗೆರೆಗಳು ಕೆಡದೆ ಇದ್ದವು. ಅದನ್ನು ಕಂಡವನು ಚಿಕ್ಕಪ್ಪನೇ. ಷೆಡ್ಡಿಗೆ ಹೋಗಿ, ಸಣ್ಣ ಗರಗಸದ ಅಲಗಿನಿಂದ ಬದಿಗಳನ್ನು ಕೊಯ್ದ. ಸೀಟು ಕತ್ತರಿಸುವ ಕೈ, ಗೆರೆ ತಪ್ಪಲಿಲ್ಲ. ಉಳಿದದ್ದು ಬಿಲ್ಲೆಯಷ್ಟು ರೆಕಾರ್ಡು. ನಾನು ಪ್ಲೇಯರಿಗೆ ಇನ್ನೊಂದು ಸಲ ಹೊಸ ಸೆಲ್ಲು ಹಾಕಿದೆ. ಅವನು ಮುಳ್ಳಿಟ್ಟ.

ಮೊದಲು ಬರೀ ಕರಕರ. ಆಮೇಲೆ, ಒಣ ಪತ್ರವೊಂದರ ಬಾಲ: “…ತಡವಾದುದಕ್ಕೆ ವಿಷಾದಿಸುತ್ತೇವೆ. ನಿಲ್ಲಿಸಿ. ಪೆನ್ಸಿಲ್ ಕೆಳಗಿಡಿ.”

ಚಿಕ್ಕಮ್ಮನೇ. ಚೂಪಾದ, ತುಸು ಗಡಸಾದ, ನಗು ಬಂದರೂ ತಡೆದುಕೊಂಡಂಥ ಅದೇ ದನಿ, ಪಕ್ಕದ ಕೋಣೆಯಿಂದ ಕರೆದಂತೆ. ಚಿಕ್ಕಪ್ಪ ಈಗ ಕುಸಿಯುತ್ತಾನೆಂದು ಹತ್ತಿರ ಸರಿದೆ. ಅವನು ಹುಬ್ಬು ಗಂಟಿಕ್ಕಿಕೊಂಡು, ಅಂಗಡಿಯಲ್ಲಿ ಯಾರದೋ ಭಾಷಣ ಕೇಳುವಾಗಿನಂತೆ ತಲೆ ವಾಲಿಸಿ ಕೂತಿದ್ದ. ಮುಳ್ಳನ್ನು ಎತ್ತಿ ಮತ್ತೆ ಇಟ್ಟ. ಮತ್ತೊಮ್ಮೆ ಇಟ್ಟ.

“ಮಾತು ಅವಳದೇ” ಎಂದ ಕೊನೆಗೆ. “ಇದು ಅವಳ ದನಿಯೇನೇ? ಅವಳದು ಇನ್ನೂ ಮೆತ್ತಗಿತ್ತಲ್ಲ. ಸೆಲ್ಲು ಹೊಸದು ತಾನೆ?”

“ಹೊಸದೇ ಚಿಕ್ಕಪ್ಪಾ.”

“ಮತ್ಯಾಕೆ ಹಿಂಗೆ?”

ಅವನು ಅವಳ ದನಿಯನ್ನು ಆಗಲೇ ಮರೆತುಬಿಟ್ಟಿದ್ದ. ಇಷ್ಟು ವರ್ಷ ಮನಸ್ಸಿನಲ್ಲೇ ಮೆದು ಮಾಡಿ ಮಾಡಿ ಇಟ್ಟುಕೊಂಡ ಇನ್ನೊಂದು ದನಿ ಅವನ ಕಿವಿಯಲ್ಲಿತ್ತು, ಅದು ಯಾರದೂ ಅಲ್ಲ. ಇದನ್ನು ನಾನು ಯಾವ ಬಾಯಲ್ಲಿ ಹೇಳಲಿ? ನನ್ನ ಜೀವನದಲ್ಲಿ ಅಷ್ಟು ದುಃಖ ಮತ್ತೆ ಆಗಲಿಲ್ಲ.

“ಓವನ್ನಿನಲ್ಲಿ ಕಾಯಿಸಿದ್ರಲ್ಲ” ಎಂದೆ. “ಬಿಸಿಗೆ ದನಿ ಕೆಟ್ಟಿದೆ ಅಷ್ಟೇ.”

ಅವನ ಮುಖ ಸಡಿಲವಾಯಿತು. “ನಾನೂ ಅದೇ ಅಂದ್ಕೊಂಡೆ ನೋಡು” ಎಂದು ಬಿಲ್ಲೆಯನ್ನು ಒರೆಸಿ ಚೀಲದ ಜೇಬಿನಲ್ಲಿಟ್ಟ. “ಇರಲಿ ಬಿಡು. ಇನ್ನೊಂದು ಎಲ್ಲೋ ಇದ್ದೇ ಇರುತ್ತೆ, ಬಿಸಿ ತಾಗದೇ ಇರೋದು.”

ಮುಂದಿನ ಭಾನುವಾರ ಅವನು ಮತ್ತೆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಮ್ಮ ಬಾಗಿಲಲ್ಲಿ ನಿಂತಿದ್ದ. “ಸೆಲ್ಲು ಹಾಕಿದ್ದೀಯೇನೇ?” ಎಂದು ಕೇಳಿದ. ಹಾಕಿದ್ದೀನಿ ಎಂದು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟೆ.