ಅತ್ತಿಯವರ ಮಡಿ, ಅಫೀಮಿನ ಕೀಲಿ

ಸ್ವಾತಂತ್ರ್ಯ ಬರೂಕಿಂತ ಮೊದಲಿನ ಮಾತು. ಧಾರವಾಡದಾಗ ನಮ್ಮ ಅತ್ತಿಯವರ ಮಡಿ ಅಂದ್ರ, ಅಬ್ಬಬ್ಬಾ, ಓಣಿಗೆಲ್ಲಾ ಗೊತ್ತು! ತಾಯಿ ಇಲ್ಲದ ಹುಡುಗಿ ನಾನು, ಸಣ್ಣಾಕಿ ಇದ್ದಾಗಽ ಸೊಸಿಯಾಗಿ ಬಂದಾಕಿ. ತಲಿ ಬಾಚಿ, ಪಾಠ ಓದಿಸಿ ನನ್ನ ದೊಡ್ಡಾಕಿ ಮಾಡಿದವರು ಅವರಽ. ಆದ್ರ ಮಡಿ ಉಟ್ರೋ ಮುಗೀತು, ನನ್ನ ನೆರಳೂ ಬೀಳೂಹಂಗಿಲ್ಲ.

ಮಾವನವರ ತಂದಿಯ ಶ್ರಾದ್ಧದ ದಿನಾನಽ ಅತ್ತಿಯವರ ಹೊಟ್ಟಿ ಕೆಟ್ಟಿತು. ಹಿತ್ತಲಕ್ಕ ಹೋಗಿ ಬಂದಷ್ಟು ಸಲ ಮಡಿ ಕೆಡ್ತದ. ಮತ್ತ ತಣ್ಣೀರ ಸ್ನಾನ, ಮತ್ತ ಬ್ಯಾರೆ ಮಡಿ ಸೀರಿ. ಒಲಿ ಮ್ಯಾಲಿನ ಅಡಗಿ ಯಾರು ನೋಡಬೇಕು? "ತಡಿ, ಇದಕ್ಕ ಕೀಲಿ ಹಾಕ್ತೇನಿ" ಅಂದವರಽ ಅಫೀಮಿನ ಗುಳಿಗಿ ನುಂಗಿದ್ರು. ಸಾಲದಂತ ಮತ್ತೊಂದು, ಮಗದೊಂದು. ಶ್ರಾದ್ಧ ಸಾಂಗ ಆತು. ಮರುದಿನ ಹೊಟ್ಟಿ ನಗಾರಿ ಆತು.

ತೇಗಿಲ್ಲ, ಹೂಸಿಲ್ಲ, ಬರೇ ವಾಂತಿ. ಡಾಕ್ಟರು ಬಂದು ಹೊಟ್ಟಿಗೆ ನಳಿಗಿ ಹಚ್ಚಿ ಕೇಳಿದ್ರು. ಮಾರಿ ಸಣ್ಣ ಮಾಡಿದ್ರು.

"ಕರುಳು ಗುಳುಗುಳು ಅನ್ನಬೇಕ್ರಿ. ಇಲ್ಲೆ ಸಪ್ಪಳನಽ ಇಲ್ಲ. ಅಫೀಮು ಕರುಳಿನ ಸ್ನಾಯು ಮಲಗಿಸಿಬಿಟ್ಟದ. ಎಚ್ಚರಾಗಲಿಲ್ಲಂದ್ರ ಜೀವಕ್ಕ ಕಷ್ಟ."

ಎರಡನೇ ಸಲ ತಾಯಿನ್ನ ಕಸೀತಿ ಏನೋ ಅಂತ ದೇವರಿಗೆ ಬಾಯಿಗೆ ಬಂದ್ಹಂಗ ಬೈದೆ.

ಡಾಕ್ಟರು ಸೂಜಿ ಚುಚ್ಚಿದ್ರು. ಎಲ್ಲಾರೂ ಅತ್ತಿಯವರ ಹೊಟ್ಟೀನಽ ನೋಡಿಕೋತ ಕೂತ್ವಿ. ಮೊದಲ ಒಳಗ ಗುಳುಗುಳು ಅಂತು. ಆಮ್ಯಾಲೆ, ಸೊಸಿ ಆದಾಕಿ ಜೋರಾಗಿ ನಗಬಾರದು ಅಂತಿದ್ದ ಆ ಮಹಾತಾಯಿ ಗಂಡ-ಮಕ್ಕಳ ಎದುರಿಗೇ ಎಂಥಾ ಹೂಸು ಬಿಟ್ರು ಅಂತೀರಿ! ಮಾವನವರು ಕೈ ಮುಗಿದು, "ಬದುಕಿದೆಲ್ಲಾ ಮಾರಾಯ್ತಿ!" ಅಂದ್ರು. ನಾ ನಕ್ಕೂ ನಕ್ಕೆ, ಅತ್ತೂ ಅತ್ತೆ. ಅಂಥಾ ಇಂಪಾದ ಸಪ್ಪಳ ಮುಂದ ಎಂದೂ ಕೇಳಲಿಲ್ಲ.

"ಯಾವ ಬೇರಿನ ಔಷಧ ಅದು?" ಅಂತ ಕೇಳಿದ್ರು ಅತ್ತಿಯವರು, ಸಣ್ಣ ದನಿಲೆ.

ಡಾಕ್ಟರಿಗೆ ಸುಳ್ಳು ಹೇಳಲಿಕ್ಕೆ ಬರ್ತಿದ್ದಿಲ್ಲ. "ಬೇರಲ್ರಿ ಅವ್ವಾರ. ದನದ ಮೆದುಳಿನ ಕೆಳಗ ಒಂದು ಗ್ರಂಥಿ ಇರ್ತದ, ಅದರ ರಸ. ಕರುಳಿನ ಸ್ನಾಯು ಹಿಂಡಿ ಎಬ್ಬಸ್ತದ. ಇನ್ನ ತಿಳಿ ಗಂಜಿ ಕುಡಿಸ್ರಿ."

ಮಾವನವರು ಪ್ರಾಯಶ್ಚಿತ್ತದ ಮಾತು ತೆಗೀಲಿಕ್ಕತ್ರು. ಅತ್ತಿಯವರು ಅವರಿಗೆ ಸುಮ್ಮನಿರ್ರಿ ಅಂತ ಕೈಸನ್ನಿ ಮಾಡಿ ನನ್ನ ಕಡೆ ಹೊರಳಿದ್ರು.

"ಗಂಜಿ ತಾ."

"ನಾ ಮಡಿಯಾಗ ಇಲ್ರಿ."

"ಗೊತ್ತದ. ನೀನಽ ಕುಡಸು" ಅಂದು ಸಣ್ಣ ಕೂಸಿನ್ಹಂಗ ಬಾಯಿ ತೆಗೆದ್ರು.